ಮೂರು ಗಂಟೆಯ ಬಸ್ಸಿಗೆ ಹೋದ ಸುದ್ದಿ

ನಮ್ಮೂರಿನಲ್ಲಿ ಆಗೆಲ್ಲ ಸುದ್ದಿ ಬಸ್ಸು ಹತ್ತಿ ಹೋಗುತ್ತಿತ್ತು. ಫೋನು ಇದ್ದದ್ದು ಊರಿಗೆಲ್ಲ ಮೂರು ಮನೆಯಲ್ಲಿ. ಗಜೇಂದ್ರಗಡದಿಂದ ಹೊರಟು ನಮ್ಮೂರು, ನರೇಗಲ್ಲು, ಗದಗ ಹಾಯ್ದು ಹುಬ್ಬಳ್ಳಿ ಮುಟ್ಟುವ ಕೆಂಪು ಬಸ್ಸು ಮಧ್ಯಾಹ್ನ ಮೂರಕ್ಕೆ ಆಲದ ಗಿಡದ ಕೆಳಗೆ ಬಂದು ನಿಲ್ಲುತ್ತಿತ್ತು. ಅದರ ಕಂಡಕ್ಟರನ ಕೈಗೆ ಅಪ್ಪನದೊಂದು ಕಂದು ಲಕೋಟೆ ಸೇರುತ್ತಿತ್ತು. ಮೇಲೆ ಕೆಂಪು ಶಾಯಿಯಲ್ಲಿ ‘ಸುದ್ದಿ, ತುರ್ತು’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿರುತ್ತಿದ್ದ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿಗೆ ಪತ್ರಿಕೆಯ ಆಳು ಬಂದು ಅದನ್ನು ಇಸಿದುಕೊಂಡು ಹೋಗುತ್ತಿದ್ದ. ಮರುದಿನ ಬೆಳಿಗ್ಗೆ ಅದೇ ಬಸ್ಸಿನಲ್ಲಿ ನಮ್ಮೂರ ಸುದ್ದಿ ಅಚ್ಚಾಗಿ ನಮ್ಮೂರಿಗೇ ವಾಪಸು ಬರುತ್ತಿತ್ತು. ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ಇನ್ನೊಬ್ಬರು ಶಾಲು ಹಿಡಿದುಕೊಂಡು ಬರುತ್ತಾರೆ. ಶಾಲಿನ ಮಾತು ಯಾಕೆ ಬಂತೆಂದು ಮುಂದೆ ತಿಳಿಯುತ್ತದೆ.

ಅಪ್ಪನದು ಪಾಟಿ, ಪುಸ್ತಕ, ಊದಿನಕಡ್ಡಿಯ ಸಣ್ಣ ಅಂಗಡಿ. ಬೆಳಿಗ್ಗೆ ಪೇಪರು ಹಂಚುವವನೂ ಅವನೇ, ಪೇಪರಿಗೆ ಬರೆಯುವವನೂ ಅವನೇ. ನಮ್ಮ ಸೀಮೆಯಲ್ಲಿ ಹನ್ನೊಂದಕ್ಕೆ ಎಂದು ಕರಪತ್ರದಲ್ಲಿ ಅಚ್ಚಾದ ಸಮಾರಂಭ ನಾಲ್ಕಕ್ಕೆ ಶುರುವಾಗುವುದು ರೂಢಿ. ಬಸ್ಸು ಮಾತ್ರ ಮೂರಕ್ಕೆ ಹೋಗಿಬಿಡುತ್ತದೆ. ಹಾಗಾಗಿ ಅಪ್ಪ ಮುಂಜಾನೆ ಚಹಾ ಕುಡಿಯುತ್ತಲೇ ಸಂಜೆಯ ಸಮಾರಂಭವನ್ನು ಮುಗಿಸಿಬಿಡುತ್ತಿದ್ದ. ಗಣ್ಯರು ದೀಪ ಬೆಳಗಿಸಿ ಮಾತನಾಡಿದರು, ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು.

“ಆಗೂ ಸುದ್ದಿ ಆಗೂಕಿಂತ ಮೊದಲ ಬರಕೊಂಡಿರಬೇಕವ್ವಾ. ಬಸ್ಸು ನಮ್ಮ ಸಲುವಾಗಿ ನಿಲ್ಲೂದಿಲ್ಲ” ಎಂದು ನನಗೆ ಬುದ್ಧಿ ಹೇಳುತ್ತಿದ್ದ.

ಒಮ್ಮೆ ರೋಣದಿಂದ ಬರಬೇಕಿದ್ದ ಅತಿಥಿಯೊಬ್ಬರ ಜೀಪು ಹಾದಿಯಲ್ಲೇ ಕೆಟ್ಟು, ಅವರು ಬರಲೇ ಇಲ್ಲ. ಮರುದಿನ ಪೇಪರಿನಲ್ಲಿ ಮಾತ್ರ ಅವರು ಸ್ತ್ರೀ ಶಿಕ್ಷಣದ ಬಗ್ಗೆ ಬಹಳ ಚೆನ್ನಾಗಿ ಮಾತನಾಡಿದ್ದರು. ಜಗಳಕ್ಕೆ ಬಂದೇ ಬರುತ್ತಾರೆಂದು ಅಪ್ಪ ಕಾಯ್ದ. ಆದರೆ ಆ ಪುಣ್ಯಾತ್ಮರು ಐದು ಪ್ರತಿ ತರಿಸಿಕೊಂಡು, ಒಂದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದರಂತೆ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಗ ನಕ್ಕದ್ದಕ್ಕೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದ ಚಳಿಗಾಲದ ಮಾತಿದು. ನಮ್ಮದು ಹೆಣ್ಣುಮಕ್ಕಳ ಸಾಲಿ. ಅದನ್ನು ನಡೆಸುವ ಕಮಿಟಿಗೆ ಊರ ಸಾವಕಾರರೇ ಅಧ್ಯಕ್ಷರು. ಊರಿನಿಂದ ಸಾಲಿಗೆ ಒಂದು ನೆಟ್ಟನೆಯ ಹಾದಿ ಇತ್ತು. ಬೇವಿನ ಗಿಡದ ಮಗ್ಗುಲಿಂದ ಹೋದರೆ ಹತ್ತು ನಿಮಿಷ. ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಸಾವಕಾರರಿಗೆ ಒಂದು ಕನಸು ಬಿತ್ತು. ಊರದೇವಿ ತಾಯಿ ಕನಸಿನಲ್ಲಿ ಬಂದು, ಬೇವಿನ ಬುಡದಲ್ಲಿ ನಾನಿದ್ದೇನೆ, ಈ ಹಾದಿಯಲ್ಲಿ ಹೆಣ್ಣಿನ ಪಾದ ಬೀಳಬಾರದು ಎಂದಳಂತೆ. ಎರಡೇ ದಿನದಲ್ಲಿ ಬೇವಿನ ಬುಡದಲ್ಲಿ ಕುಂಕುಮ ಬಳಿದ ಕಲ್ಲು ಬಂತು, ಹಾದಿಗೆ ಅಡ್ಡ ಜಾಲಿಮುಳ್ಳಿನ ಬೇಲಿ ಬಂತು. ಬೇಲಿಯ ನಡುವೆ ಒಂದು ಗೇಟು. ಆ ಗೇಟಿನಿಂದ ಸಾವಕಾರರ ಗೋದಾಮಿಗೆ ಲಾರಿಗಳು ಹೋಗಿಬರತೊಡಗಿದವು. ತಾಯಿಗೆ ಹೆಣ್ಣಿನ ಪಾದ ಆಗುತ್ತಿರಲಿಲ್ಲ, ಲಾರಿಯ ಗಾಲಿ ನಡೆಯುತ್ತಿತ್ತು.

ನಾವು ಎರೆ ಹೊಲದ ಬದುವಿನ ಮೇಲೆ ಸುತ್ತು ಹೊಡೆದು ಹೋಗಬೇಕಾಯಿತು. ಎರೆಮಣ್ಣಿನ ಕೆಸರು ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಒಂದೊಂದು ಹೆಜ್ಜೆಗೂ ಕಾಲಿಗೆ ಒಂದೊಂದು ಸೇರು ಮಣ್ಣು ಮೆತ್ತುತ್ತದೆ, ಚಪ್ಪಲಿಯ ಬಾರು ಕಿತ್ತು ಅಲ್ಲೇ ಹೂತು ಹೋಗುತ್ತದೆ. ಮೊಣಕಾಲ ತನಕ ಕೆಸರಾಗಿ ಹೋದರೆ ಪ್ರಾರ್ಥನೆ ತಪ್ಪಿತೆಂದು ಹೊರಗೆ ನಿಲ್ಲಿಸುವರು. ಒಂದು ಮಳೆಗಾಲದಲ್ಲಿ ನಮ್ಮ ವರ್ಗದ ಆರು ಹುಡುಗಿಯರು ಸಾಲಿ ಬಿಟ್ಟರು. ನನ್ನ ಜೀವದ ಗೆಳತಿ ನೀಲವ್ವನ ಮನೆಯಲ್ಲೂ ಅದೇ ಮಾತು ಎದ್ದಿತ್ತು. ಅವಳ ಅಪ್ಪ ಮಗ್ಗದ ಕುಣಿಯಲ್ಲಿ ಕೂತು ಸೀರೆ ನೇಯುವವನು, ಇದ್ದದ್ದು ಸಾವಕಾರರ ಚಾಳಿನ ಬಾಡಿಗೆ ಮನೆಯಲ್ಲಿ. “ಇನ್ನೊಂದ ಮಳಿಗಾಲ ಹಿಂಗ ಆದ್ರ ಸಾಲಿ ಸಾಕು” ಎಂದು ಅವನು ಹೇಳಿಬಿಟ್ಟಿದ್ದ. ನೀಲವ್ವನಿಗೆ ಹತ್ತನೆಯದು ಮುಗಿಸಿ ಟೀಚರ್ ಆಗುವ ಹಟ. ಹಾದಿ ತೆರೆದರೆ ಅವಳ ಸಾಲಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ವಿಷಯ ಅಷ್ಟೇ ಇತ್ತು.

ನಮಗೆ ಕನ್ನಡ ಕಲಿಸುವ ಸುಶೀಲಾ ಅಕ್ಕೋರು ನರಗುಂದದವರು. ಅವರ ತಂದೆ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರಂತೆ, ಅಕ್ಕೋರು ಪರದೆಯ ಹಿಂದೆಯೇ ಬೆಳೆದವರು. ಆ ವರ್ಷದ ಗ್ಯಾದರಿಂಗಿಗೆ, ಅಂದರೆ ಸಾಲಿಯ ವಾರ್ಷಿಕೋತ್ಸವಕ್ಕೆ, ತಾವೇ ಒಂದು ನಾಟಕ ಬರೆದರು. ಕಮಿಟಿಗೆ ಕೊಟ್ಟ ಚೀಟಿಯಲ್ಲಿ ಹೆಸರು ‘ದೇವಿಯ ಕನಸು’. ದೇವಿ ಅಂತ ಇದೆಯಲ್ಲ ಎಂದು ಕಮಿಟಿಯವರು ಒಳಗೇನಿದೆ ನೋಡದೆ ಹೂಂ ಅಂದರು.

ಒಳಗೆ ಇದ್ದವನು ಒಬ್ಬ ಗೌಡ. ಅವನಿಗೆ ದಿನಕ್ಕೊಂದು ಕನಸು. ಪಕ್ಕದವನ ಹಯನದ ಎಮ್ಮೆಯನ್ನು ನಿನ್ನ ದನದ ಮನೆಯಲ್ಲಿ ಕಟ್ಟು ಎಂದು ತಾಯಿ ಹೇಳುತ್ತಾಳೆ. ಊರ ಮಂದಿ ನಿನ್ನ ಹೊಲದ ಕಸ ಕೀಳಲಿ ಎನ್ನುತ್ತಾಳೆ. ಹೋಳಿಗೆಗೆ ತುಪ್ಪ ಸಾಲದು ಎಂದೂ ತಾಯಿಯೇ ಬಂದು ಹೇಳುತ್ತಾಳೆ. ಕಡೆಗೆ ಹೆಂಗಸರು ಹಾದಿ ತುಳಿಯಬಾರದು ಎಂದು ಬೇಲಿ ಹಾಕಿಸುತ್ತಾನೆ. ಅಷ್ಟರಲ್ಲಿ ಖರೇ ತಾಯಿಯೇ ಬರುತ್ತಾಳೆ, ಬೇಲಿಯ ಆಚೆಯೇ ನಿಲ್ಲುತ್ತಾಳೆ. ಒಳಗೆ ಬಾ ತಾಯೀ ಎಂದು ಗೌಡ ಅಡ್ಡಬಿದ್ದಾಗ ಅವಳು ಹೇಳುವ ಒಂದೇ ಮಾತು: “ನಾನೂ ಹೆಂಗಸ ಅಲ್ಲೇನೋ? ಈ ಹಾದೀಲೆ ನಾ ಹ್ಯಾಂಗ ಬರ್ಲಿ?”

ಗೌಡನ ಪಾರ್ಟು ನೀಲವ್ವನದು, ತಾಯಿಯ ಪಾರ್ಟು ನನ್ನದು. ಇಡೀ ನಾಟಕ ನಿಂತದ್ದು ಆ ಒಂದು ಮಾತಿನ ಮೇಲೆ. ಅಕ್ಕೋರು ನನ್ನ ಕೈ ಹಿಡಿದು, “ಸರೂ, ಈ ಮಾತು ಸಿಟ್ಟಿಲೆ ಹೇಳಬ್ಯಾಡ. ಖರೇನ ತಿಳೀದಾಕಿ ಕೇಳಿದಂಗ ಕೇಳು. ಮಂದಿ ಮೊದಲ ನಗಬೇಕು, ಆಮ್ಯಾಲ ವಿಚಾರ ಮಾಡಬೇಕು” ಎಂದರು.

ಆ ಒಂದು ತಿಂಗಳಿನ ಸುಖವನ್ನು ಹೇಗೆ ಹೇಳಲಿ! ಜೋಳ ಹಾಲುಗಾಳಿಗೆ ಬಂದು ಹೊಲದಲ್ಲೆಲ್ಲ ಸೀತನಿಯ ಎಳೆ ತೆನೆ ಸುಡುವ ಹೊಗೆ. ಕಡಲೆ ಗಿಡದ ಹುಳಿ ಬೆರಳಿಗೆ ಹತ್ತಿ, ಬೆರಳು ಚೀಪುತ್ತಲೇ ಮಾತು ಬಾಯಿಪಾಠ ಮಾಡುತ್ತಿದ್ದೆವು. ಕುಂಟಲಪಿ, ಗಜಗದ ಆಟ ಎಲ್ಲ ಮೂಲೆ ಸೇರಿದವು. ಸಾಲಿ ಬಿಟ್ಟ ಮೇಲೆ ತಾಲೀಮು ನೀಲವ್ವನ ಪಡಸಾಲೆಯಲ್ಲಿ. ಒಳಗೆ ಅವಳ ಅಪ್ಪನ ಮಗ್ಗ ಕಟಕಟ ಎನ್ನುತ್ತಿದ್ದರೆ ಹೊರಗೆ ಇವಳು ಇಲ್ಲದ ಮೀಸೆ ತಿರುವುತ್ತಿದ್ದಳು. ಸಾವಕಾರರು ಮಾತಿಗೆ ಮೊದಲು ಎರಡು ಸಲ ಕೆಮ್ಮುವುದು, ಧೋತರದ ಚುಂಗು ಎತ್ತಿ ಮೂಗು ಒರೆಸಿಕೊಳ್ಳುವುದು, ಎಲ್ಲವನ್ನೂ ಅವಳು ತಾನೇ ಸೇರಿಸಿಕೊಂಡಳು. ಅಕ್ಕೋರು ಹೇಳಿಕೊಟ್ಟದ್ದಲ್ಲ. ಒಂದು ದಿನ ಮಗ್ಗ ಇದ್ದಕ್ಕಿದ್ದಂತೆ ನಿಂತಿತು. ನಾವು ಹೆದರಿ ಇಣುಕಿದರೆ ಅವಳ ಅಪ್ಪ ಕುಣಿಯಲ್ಲಿ ಕೂತು ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದ.

“ಯವ್ವಾ, ನಮ್ಮ ಮನಿ ಮುಳಗಸ್ತೀಯಲ್ಲ” ಎಂದ. ಬೇಡ ಎಂದು ಮಾತ್ರ ಹೇಳಲಿಲ್ಲ.

ಗ್ಯಾದರಿಂಗಿನ ದಿನ ಎಂದಿನಂತೆ ಹನ್ನೊಂದರ ಕಾರ್ಯಕ್ರಮ ನಾಲ್ಕಕ್ಕೆ ಸರಿಯಿತು. ಎರಡಕ್ಕೇ ಅಕ್ಕೋರು ನನಗೆ ಮುಖಕ್ಕೆ ಅರಿಶಿಣ ಬಳಿದು, ಹಣೆಗೆ ಅಂಗೈ ಅಗಲ ಕುಂಕುಮ ಇಟ್ಟು, ಬಂಗಾರದ ಕಾಗದದ ಕಿರೀಟ ಕಟ್ಟಿದರು. ಆಗ ಅಪ್ಪ ಸೈಕಲ್ ಮೇಲೆ ಬಂದ. ಅಂಗಡಿಯಲ್ಲಿ ಗಿರಾಕಿ ಬಿಟ್ಟು ಬಂದಿದ್ದೇನೆ, ಲಕೋಟೆಯನ್ನು ಬಸ್ಸಿಗೆ ಕೊಟ್ಟು ಬಾ ಎಂದು ನನ್ನ ಕೈಗಿತ್ತು ಹೋದ. ಸಾಲಿ ಇಲ್ಲದ ದಿನ ಕೊಡುವವಳು ನಾನೇ ಆಗಿದ್ದರಿಂದ ಎರಡು ಮಾತಾಡಲಿಲ್ಲ. ಸೀರೆಯ ನಿರಿಗೆ ಎತ್ತಿ ಹಿಡಿದು, ಕಿರೀಟ ಸಮೇತ ಆಲದ ಗಿಡಕ್ಕೆ ಓಡಿದೆ.

ಕಂಡಕ್ಟರ್ ನನ್ನನ್ನು ಕಂಡು ಕೈ ಮುಗಿದ. “ಏನ ತಾಯೀ, ಇವತ್ತ ಖುದ್ದ ನೀನ ಬಂದ್ಯಾ? ಸುದ್ದಿ ಏನ ಅದಾವ?”

ಬಸ್ಸೆಲ್ಲ ಗೊಳ್ಳೆಂದಿತು. ಕಿಟಕಿಯ ಪಕ್ಕ ಕೂತ ಲಕ್ಕಲಕಟ್ಟಿಯ ಮುದುಕಿಯೊಬ್ಬಳು ಮಾತ್ರ ನಗಲಿಲ್ಲ. ನಾನು ಮಡಿಚಿದ ಜಡೆಯ ಸಾಲಿ ಹುಡುಗಿ ಎಂಬುದು ಅವಳಿಗೆ ಕಾಣುತ್ತಿತ್ತು. ಆದರೂ ಕಿಟಕಿಯಿಂದ ಕೈ ಚಾಚಿ ನನ್ನ ಗಲ್ಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, “ನಮ್ಮ ಮಂದೀನ ಚಲೋ ಇಡವ್ವಾ” ಎಂದಳು. ನನ್ನ ಕೈಯಲ್ಲಿ ಇನ್ನೂ ಆಗದ ನಾಟಕದ ಸುದ್ದಿಯ ಲಕೋಟೆ ಇತ್ತು. ಅದನ್ನು ಕಂಡಕ್ಟರನಿಗೆ ಕೊಟ್ಟೆ, ಬಸ್ಸು ಹೋಯಿತು.

ನಾಲ್ಕೂವರೆಗೆ ನಾಟಕ ಶುರುವಾಯಿತು. ಸಾಲಿಯ ಅಂಗಳದಲ್ಲಿ ಊರಿಗೆ ಊರೇ ಕೂತಿತ್ತು. ಸಾವಕಾರರು ಮುಂದಿನ ಸಾಲಿನ ಕುರ್ಚಿಯಲ್ಲಿ. ನೀಲವ್ವ ಮೊದಲ ಸಲ ಕೆಮ್ಮಿದಾಗ ಹಿಂದೆ ಕೂತ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಎರಡನೆಯ ಕೆಮ್ಮಿಗೆ ಅಂಗಳದ ಅರ್ಧ ನಕ್ಕಿತು. ಚುಂಗು ಎತ್ತಿ ಮೂಗು ಒರೆಸಿಕೊಂಡಾಗ ಗಂಡಸರೂ ತಡೆದುಕೊಳ್ಳಲಾಗದೆ ನಕ್ಕರು. ಏಳು ತಿಂಗಳು ಬಾಯಿ ಕಟ್ಟಿಕೊಂಡು ಬೇಲಿ ನೋಡಿದ ಊರು ಅದು. ಪರದೆಯ ಮಗ್ಗುಲಿಂದ ನಾನು ನೋಡುತ್ತಿದ್ದೆ. ಸಾವಕಾರರು ಕೂಡ ನಗುತ್ತಿದ್ದರು. ನಗುತ್ತಲೇ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದರು, ಅವನು ಎದ್ದು ಹೋದ. ಗೌಡ ಬೇಲಿ ಹಾಕಿಸಿ ಆಯಿತು. ಇನ್ನು ನಾನು ಹೋಗಬೇಕು. ಅಕ್ಕೋರು ನನ್ನ ಬೆನ್ನ ಮೇಲೆ ಕೈ ಇಟ್ಟು, “ಹೂಂ, ಈಗ” ಎಂದರು.

ಆಗ ಸಾವಕಾರರು ಶಾಲು ಹಿಡಿದು ಸ್ಟೇಜು ಹತ್ತಿದರು.

ನಮ್ಮ ಕಡೆ ನಾಟಕದ ನಡುವೆಯೇ ಆಹೇರಿ ಮಾಡುವ ಪದ್ಧತಿ ಇದೆ. ಪಾತ್ರ ಮೆಚ್ಚಿದವರು ಟವೆಲೋ, ಟೊಪ್ಪಿಗೆಯೋ ಹಿಡಿದು ಸ್ಟೇಜಿಗೇ ಬಂದುಬಿಡುತ್ತಾರೆ. ಬಾಣ ತಾಗಿ ಸತ್ತುಬಿದ್ದ ರಾಜನೂ ಎದ್ದು ಟವೆಲ್ ಹೊದಿಸಿಕೊಂಡು, ಕೈ ಮುಗಿದು, ಮತ್ತೆ ಹೋಗಿ ಸಾಯುತ್ತಾನೆ. ಆಹೇರಿ ಮಾಡುವವರು ಇಳಿಯುವ ತನಕ ನಾಟಕ ನಿಲ್ಲಬೇಕು, ಅದು ಮರ್ಯಾದೆ. ಇಳಿಯದೇ ಇದ್ದರೆ ಏನು ಮಾಡಬೇಕೆಂದು ನಮ್ಮ ಹಿರಿಯರು ಯಾರೂ ಹೇಳಿಟ್ಟಿರಲಿಲ್ಲ.

ಸಾವಕಾರರು ಇಳಿಯಲಿಲ್ಲ. ನೀಲವ್ವನ ಹೆಗಲಿಗೆ ಶಾಲು ಹೊದಿಸಿ, ಅವಳ ಮೀಸೆಯನ್ನು ಎಲ್ಲರೆದುರು ಹೆಬ್ಬೆರಳಿನಿಂದ ಒರೆಸಿದರು. “ನೇಕಾರ್ರ ಹುಡುಗಿ ಎಷ್ಟ ಚಂದ ಆಡ್ತೈತಿ ನೋಡ್ರಿ” ಎಂದು ಮೈಕು ಹಿಡಿದರು. ತಾಯಿಯ ಮಹಿಮೆ, ಹೆಣ್ಣುಮಕ್ಕಳ ಶೀಲ, ಊರಿನ ಐಕ್ಯ ಎಂದು ಅರ್ಧ ತಾಸು ಮಾತಾಡಿದರು. ನೀಲವ್ವ ಶಾಲು ಹೊದ್ದು ಪಕ್ಕದಲ್ಲೇ ನಿಂತಿದ್ದಳು, ಇದ್ದಿಲಿನ ಮಸಿ ಗಲ್ಲಕ್ಕೆಲ್ಲ ಹರಡಿತ್ತು. “ಹುಡುಗ್ಯಾರು ದಣದಾವ, ನಾಟಕ ಇಲ್ಲಿಗೆ ಸಾಕು” ಎಂದು ತಾವೇ ಮುಕ್ತಾಯ ಹಾಡಿದರು. ಹೆಡ್‌ಮಾಸ್ತರು ಓಡಿಬಂದು ವಂದನೆ ಹೇಳಿದರು. ಊರು ಚಪ್ಪಾಳೆ ಹೊಡೆಯಿತು. ಈಗಷ್ಟೇ ನಕ್ಕ ಊರೇ ಅದು! ನಾನು ಪರದೆಯ ಹಿಂದೆ ಕಿರೀಟ ಕಟ್ಟಿಕೊಂಡು ನಿಂತೇ ಇದ್ದೆ. ಬೆವರಿಗೆ ಅರಿಶಿಣ ಕಣ್ಣಿಗಿಳಿದು ಉರಿಯುತ್ತಿತ್ತು. ಅಕ್ಕೋರ ಕೈ ನನ್ನ ಬೆನ್ನ ಮೇಲೇ ಇತ್ತು.

ಮರುದಿನ ಪೇಪರು ಬಂತು. ‘ದೇವಿಯ ಮಹಿಮೆ ಸಾರುವ ನಾಟಕ ಜನಮನ ಸೂರೆಗೊಂಡಿತು. ದೇವಿಯ ಪಾತ್ರದಲ್ಲಿ ಕುಮಾರಿ ಸರೋಜಾ ಪ್ರೇಕ್ಷಕರನ್ನು ಮಂತ್ರಮುಗ್ಧಗೊಳಿಸಿದಳು. ಅಧ್ಯಕ್ಷರು ನಾಟಕವನ್ನು ಮುಕ್ತಕಂಠದಿಂದ ಶ್ಲಾಘಿಸಿದರು.’ ಮಗಳ ಹೆಸರು ಅಚ್ಚಿನಲ್ಲಿ ನೋಡುವ ಆಸೆಗೆ ಅಪ್ಪ ಆ ನಡುವಿನ ಸಾಲು ಸೇರಿಸಿದ್ದ. ಅವ್ವ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಲು ಅಂಬಲಿಯ ಗಂಜಿ ಕಲಸುತ್ತಿದ್ದಳು. ನಾನು ಅಂಗಡಿಗೆ ಹೋಗಿ ಪೇಪರನ್ನು ಅಪ್ಪನ ಮುಂದೆ ಬಡಿದೆ.

“ನಾಟಕ ಮುಗದೇ ಇಲ್ಲಪ್ಪಾ. ನಾ ಸ್ಟೇಜ ಹತ್ತೇ ಇಲ್ಲ.”

“ಗೊತ್ತೈತಿ. ನಾನೂ ಅಲ್ಲೇ ಇದ್ದೆ.”

“ಮತ್ತ ತಿದ್ದಿ ಬರಿ. ಇವತ್ತಿನ ಬಸ್ಸಿಗೆ ಕೊಡ್ತೀನಿ.”

ಅಪ್ಪ ಊದಿನಕಡ್ಡಿಯ ಕಟ್ಟುಗಳನ್ನು ಇದ್ದಲ್ಲೇ ಸರಿಪಡಿಸುತ್ತ ಕೂತ. “ತಿದ್ದಿ ಬರದ್ರ ಮೊದಲ ಬರದದ್ದು ಸುಳ್ಳು ಅಂತ ನಾನ ಒಪ್ಪಿಕೊಂಡಂಗ. ನಾಳೆ ನಾ ಏನ ಬರದ್ರೂ ಯಾರ ನಂಬತಾರ ಸರೂ?”

ನಂಬಿಕೆ ಉಳಿಸಿಕೊಳ್ಳಲು ಸುಳ್ಳನ್ನು ಉಳಿಸಿಕೊಂಡ ನನ್ನಪ್ಪ. ಅಂದು ಅವನು ಊಟ ಮಾಡಲಿಲ್ಲ. ಅಪ್ಪ ಒಳ್ಳೆಯವನು, ಯಾರಿಗೂ ಕೇಡು ಬಯಸಿದವನಲ್ಲ ಎಂದು ಊರೆಲ್ಲ ಹೇಳುತ್ತದೆ, ನಾನೂ ಹೇಳುತ್ತೇನೆ. ಅದರಿಂದ ನನ್ನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ.

ಆಮೇಲೆ ಆದದ್ದನ್ನು ಕೇಳಿ. ಅಂಗಳದಲ್ಲಿ ಕೂತು ಕಣ್ಣಾರೆ ನೋಡಿದ ಮಂದಿ ಒಂದು ವಾರದಲ್ಲಿ ನನ್ನನ್ನು ಸಂತೆಯಲ್ಲಿ ನಿಲ್ಲಿಸಿ, “ನಿನ್ನ ದೇವಿ ಪಾರ್ಟು ಭಾಳ ಚಲೋ ಆತವ್ವಾ, ಮೈ ಝುಂ ಅಂತು” ಎನ್ನತೊಡಗಿದರು. ನಾನು ಬರಲೇ ಇಲ್ಲ ಎಂದರೆ, “ಹುಚ್ಚಿ, ಪೇಪರ್ನ್ಯಾಗ ಬಂದೈತಿ” ಎಂದು ನಕ್ಕರು. ಕನಸಿಗೆ ಅಡ್ಡಬಿದ್ದ ಊರು ಅಚ್ಚಿಗೂ ಅಡ್ಡಬಿತ್ತು.

ಅಕ್ಕೋರಿಗೆ ಸೋಮವಾರದಿಂದ ಬರಬೇಡಿ ಎಂದು ಚೀಟಿ ಹೋಯಿತು. ನಾಟಕ ನಿಲ್ಲಿಸಿದ್ದು, ಹಾದಿ ಮುಚ್ಚಿದ್ದು, ಎಲ್ಲವನ್ನೂ ಬರೆದುಕೊಂಡು ಅವರು ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರೊಬ್ಬರ ಮುಂದೆ ದೂರು ಒಯ್ದರು. ಸಾವಕಾರರ ಕಡೆಯವರು ಅಲ್ಲಿಗೆ ಒಯ್ದದ್ದು ಒಂದೇ ಕಾಗದ, ಪೇಪರಿನಲ್ಲಿ ನನ್ನಪ್ಪ ಬರೆದದ್ದು. ನಾಟಕ ಪೂರಾ ಆಗಿದೆ, ಅಧ್ಯಕ್ಷರು ಹೊಗಳಿದ್ದಾರೆ, ಗೌಡನ ಪಾರ್ಟಿನ ಹುಡುಗಿಗೆ ಶಾಲು ಬೇರೆ ಹೊದಿಸಿದ್ದಾರೆ, ಮತ್ತೇನು ತಕರಾರು ಎಂದು ಕೇಳಿದರಂತೆ. ದೂರು ಅಲ್ಲಿಗೇ ಮುಗಿಯಿತು. ಅಕ್ಕೋರು ಪೆಟ್ಟಿಗೆ ಕಟ್ಟಿಕೊಂಡು ನರಗುಂದದ ಬಸ್ಸು ಹತ್ತುವಾಗ ನಾನು ಆಲದ ಗಿಡದ ಹಿಂದೆ ಅಡಗಿ ನಿಂತಿದ್ದೆ. ಆ ಲಕೋಟೆಯನ್ನು ಬಸ್ಸಿಗೆ ಕೊಟ್ಟವಳು ನಾನೇ ಎಂದು ಅವರಿಗೆ ಹೇಳುವ ಧೈರ್ಯ ಬರಲಿಲ್ಲ.

ಜೂನ್‌ನಲ್ಲಿ ಸಾಲಿ ತೆರೆಯಿತು. ಬೇಲಿ ಹಾಗೇ ಇತ್ತು. ನೀಲವ್ವ ಬರಲಿಲ್ಲ. ಅವಳ ಮನೆಗೆ ಹೋದರೆ ಅವಳು ಮಗ್ಗದ ಬದಿಯಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಸಾವಕಾರರು ಅವಳ ಅಪ್ಪನನ್ನು ಕರೆಸಿ, ಮೀಸೆ ಹಚ್ಚಿಕೊಂಡು ಕುಣಿಯುವ ಮಗಳನ್ನು ಇನ್ನೂ ಸಾಲಿಗೆ ಕಳಿಸುವುದಾದರೆ ಬೇರೆ ಮನೆ ನೋಡಿಕೊ ಎಂದಿದ್ದರು. ಶಾಲು ಗೂಟದಲ್ಲಿ ತೂಗುತ್ತಿತ್ತು.

“ಅದನ್ನ ಸುಡು” ಎಂದೆ.

“ಚಳಿಗೆ ಬೆಚ್ಚಗಿರ್ತೈತಿ. ನಮ್ಮಪ್ಪ ಹೊದಕೋತಾನ” ಎಂದಳು. ನನ್ನ ಮುಖ ನೋಡಲಿಲ್ಲ. ಎರಡು ವರ್ಷಕ್ಕೆ ಅವಳನ್ನು ಶಿರೋಳಕ್ಕೆ ಮದುವೆ ಮಾಡಿಕೊಟ್ಟರು. ಆ ಮಳೆಗಾಲವೆಲ್ಲ ಎರೆಯ ಬದುವಿನ ಮೇಲೆ ನಾನೊಬ್ಬಳೇ ನಡೆದೆ.

ಈಗ ನಾನು ಧಾರವಾಡದಲ್ಲಿ ವಕೀಲಳು. ಸಾಕ್ಷಿ, ಕಾಗದ, ಪುರಾವೆ ಎಂದು ದಿನಾ ಬಾಯಿ ನೋಯುವಷ್ಟು ಮಾತಾಡುತ್ತೇನೆ. ಹಳೆಯ ಸಾವಕಾರರು ತೀರಿಕೊಂಡಿದ್ದಾರೆ, ಅವರ ಮಗ ಅಧ್ಯಕ್ಷ. ಮುಂದೆ ಡಾಂಬರು ಬಂದು ಗೋದಾಮು ಊರ ಹೊರಗೆ ಹೋದಾಗ ತಾಯಿಯ ಮನಸ್ಸೂ ಬದಲಾಯಿತು. ಅದೇ ಹಾದಿಗೆ ಸಾವಕಾರರ ಹೆಸರಿನ ಕಮಾನು ನಿಂತಿದೆ. ಹುಡುಗಿಯರು ಅದರ ಕೆಳಗೆ ಸೈಕಲ್ ಮೇಲೆ ಹೋಗುತ್ತಾರೆ. ಆ ಮಹಾನುಭಾವರೇ ಹೆಣ್ಣುಮಕ್ಕಳಿಗೆ ಹಾದಿ ಮಾಡಿಕೊಟ್ಟರೆಂದು ಅವರಿಗೆ ಕಲಿಸಿದ್ದಾರೆ.

ಸಾಲಿಯ ಸುವರ್ಣ ಮಹೋತ್ಸವಕ್ಕೆ ನನ್ನನ್ನು ಕರೆದಿದ್ದಾರೆ. ಬರುವ ರವಿವಾರ ಸಮಾರಂಭ. ಸ್ಮರಣ ಸಂಚಿಕೆಗೆ ಅಪ್ಪನ ಅದೇ ಸುದ್ದಿಯ ತುಣುಕನ್ನು ಹಾಕಿ, ಕೆಳಗೆ ‘ನಮ್ಮ ಶಾಲೆಯ ರಂಗ ಪರಂಪರೆ’ ಎಂದು ಬರೆದಿದ್ದಾರಂತೆ. ಮೊನ್ನೆ ಊರಿನ ಸುದ್ದಿ ಗ್ರೂಪು ನಡೆಸುವ ಹುಡುಗ ಸಮಾರಂಭದ ವರದಿಯನ್ನು ನನಗೆ ವಾಟ್ಸಾಪಿನಲ್ಲಿ ಕಳಿಸಿ, ‘ಒಮ್ಮೆ ನೋಡಿ ಹೇಳ್ರಿ ಮೇಡಂ’ ಎಂದಿದ್ದ. ‘ಸಾವಕಾರರ ಆಶೀರ್ವಾದದಿಂದಲೇ ನಾನು ಈ ಮಟ್ಟಕ್ಕೆ ಬೆಳೆದೆ ಎಂದು ವಕೀಲೆ ಸರೋಜಾ ಗದ್ಗದಿತರಾದರು.’

ಫೋನು ಮಾಡಿದೆ. “ಸಮಾರಂಭ ಇನ್ನೂ ಆಗೇ ಇಲ್ಲಲ್ಲಪ್ಪಾ? ನಾ ಇನ್ನೂ ಬಾಯೇ ತಗದಿಲ್ಲ.”

“ಎಲ್ಲಾರಿಗೂ ಹಿಂಗ ಬರಕೊಂಡ ಇಟ್ಟಿರ್ತೀವ್ರಿ ಮೇಡಂ. ಆದ ಕೂಡ್ಲೇ ಲಗೂ ಹಾಕಬೇಕಲ್ರಿ.”

ಅಪ್ಪನಿಗೆ ಬಸ್ಸಿನ ನೆಪವಾದರೂ ಇತ್ತು. ಇವನ ಕೈಯಲ್ಲಿ ನಡೆದದ್ದನ್ನು ನಡೆದ ಗಳಿಗೆಯಲ್ಲೇ ತೋರಿಸುವ ಯಂತ್ರವಿದೆ, ಯಾವ ಬಸ್ಸೂ ಇವನನ್ನು ಬಿಟ್ಟು ಹೋಗುವುದಿಲ್ಲ. ಸುಳ್ಳು ಬರೆದ ದಿನ ಅಪ್ಪ ಉಪವಾಸವಿದ್ದ. ಆ ಒಂದು ಹೊತ್ತಿನ ನಾಚಿಕೆಯೂ ಈಗ ಉಳಿದಿಲ್ಲ. ಅಂಗಳದಲ್ಲಿ ಒಬ್ಬಳು ಹುಡುಗಿ ಕೆಮ್ಮಿದ್ದಕ್ಕೆ ಊರೆಲ್ಲ ಒಟ್ಟಿಗೆ ನಕ್ಕಿತಲ್ಲ, ಅಂಥ ನಗುವನ್ನು ನಾನು ಮತ್ತೆ ಎಲ್ಲೂ ಕೇಳಿಲ್ಲ. ಈಗ ಮಂದಿ ಮನೆಯೊಳಗೆ ಬಾಗಿಲು ಹಾಕಿಕೊಂಡು ಫೋನು ನೋಡಿ ನಗುತ್ತಾರೆ.

ಶಿರೋಳಕ್ಕೆ, ನೀಲವ್ವನಿಗೆ ಫೋನು ಮಾಡಿ ಹೋಗಲೋ ಬೇಡವೋ ಎಂದು ಕೇಳಿದೆ.

“ಹೋಗು. ಅರಿಶಿಣ ಬಳಕೊಂಡ ಹೋಗು” ಎಂದು ನಕ್ಕಳು. ಆಮೇಲೆ, “ನನ್ನ ಮಾತು ಎಲ್ಲಾ ನಾ ಅವತ್ತ ಆಡಿ ಮುಗಿಸೀನಿ ಸರೂ. ನಿಂದ ಒಂದು ಉಳದೈತಿ” ಎಂದಳು.

ರವಿವಾರ ಹೋಗುತ್ತೇನೆ. ಕಾರ್ಯಕ್ರಮದ ಪಟ್ಟಿಯಲ್ಲಿ ಮೊದಲು ಸನ್ಮಾನ, ಆಮೇಲೆ ಮಾತು ಎಂದಿದೆ. ಅವರು ಶಾಲು ಬಿಚ್ಚುವ ಮೊದಲೇ ನಾನು ಮೈಕು ಹಿಡಿಯಬೇಕು.